ಹಿರಿತೆರೆ-ಕಿರುತೆರೆ ಭೇದನಿರ್ಣಯ

ಶಾಸ್ತ್ರಗ್ರಂಥ ಎಂದ ಮೇಲೆ ಮೊದಲಿಗೆ ನಾಲ್ಕು ಅನುಬಂಧಗಳನ್ನು ಹೇಳಿ ಮುಗಿಸಬೇಕು. ಹೇಳದಿದ್ದರೆ ಪಂಡಿತರು ಓದುವುದಿಲ್ಲ, ಹೇಳಿದರೆ ಉಳಿದವರು ಓದುವುದಿಲ್ಲ. ಈ ಗ್ರಂಥದ ವಿಷಯ: ಚಡ್ಡಿಯನ್ನು ಪ್ಯಾಂಟಿನ ಮೇಲೆ ತೊಡುವ ಅಮೆರಿಕದ ಮಹಾಪುರುಷರು ಸಿನಿಮಾದಲ್ಲಿ ಕಾಣಿಸಿಕೊಂಡಾಗ ಒಂದು ಬ್ರಹ್ಮಾಂಡದಲ್ಲೂ ಟೀವಿಯಲ್ಲಿ ಕಾಣಿಸಿಕೊಂಡಾಗ ಬೇರೊಂದರಲ್ಲೂ ಏಕೆ ವಾಸ ಮಾಡುತ್ತಾರೆ ಎಂಬುದು. ಅಧಿಕಾರಿ: ಸಿನಿಮಾ ಮುಗಿದು, ಹೆಸರುಗಳೆಲ್ಲ ಉರುಳಿ, ಪೊರಕೆ ಹಿಡಿದವರು ಒಳಗೆ ಬಂದ ಮೇಲೂ ‘ಇನ್ನೊಂದು ಸೀನ್ ಇದೆ, ತಾಳಿ’ ಎಂದು ಕುರ್ಚಿ ಬಿಡದೆ ಕೂತವನು. ಸಂಬಂಧ: ವಿಷಯಕ್ಕೂ ಲೋಕದ ಕಷ್ಟಸುಖಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಯೋಜನ: ಹಿಂದಿನ ವಾಕ್ಯವನ್ನೇ ನೋಡಿಕೊಳ್ಳತಕ್ಕದ್ದು.

ಆದಿಯಲ್ಲಿ ಭೇದವಿರಲಿಲ್ಲ ಎಂಬುದನ್ನು ಮೊದಲು ಸ್ಥಾಪಿಸೋಣ. 1951ರಲ್ಲಿ ಜಾರ್ಜ್ ರೀವ್ಸ್ ಎಂಬ ನಟರು ‘ಸೂಪರ್‌ಮ್ಯಾನ್ ಅಂಡ್ ದ ಮೋಲ್ ಮೆನ್’ ಎಂಬ, ಗಂಟೆ ಹೊತ್ತಿನ ಸಣ್ಣ ಸಿನಿಮಾದಲ್ಲಿ ಸೂಪರ್‌ಮ್ಯಾನ್ ಆದರು. ಮರುವರ್ಷ ಟೀವಿ ಧಾರಾವಾಹಿ ಶುರುವಾದಾಗಲೂ ಅವರೇ. ಸಾಲದೆಂದು ಆ ಸಿನಿಮಾವನ್ನೇ ಎರಡು ತುಂಡು ಮಾಡಿ ಧಾರಾವಾಹಿಯ ಎರಡು ಸಂಚಿಕೆಗಳಾಗಿ ತೋರಿಸಿಬಿಟ್ಟರು. 1966ರ ಬ್ಯಾಟ್‌ಮ್ಯಾನ್‌ನದೂ ಇದೇ ಕಥೆ. ಜನವರಿಯಲ್ಲಿ ಟೀವಿಗೆ ಬಂದ ಆಡಮ್ ವೆಸ್ಟ್ ಮತ್ತು ಬರ್ಟ್ ವಾರ್ಡ್ ಜುಲೈ ಹೊತ್ತಿಗೆ ಅದೇ ಬಿಗಿ ಉಡುಪಿನಲ್ಲಿ ಥಿಯೇಟರಿಗೂ ಬಂದರು. ಸಿನಿಮಾದ ದುಡ್ಡಿನಲ್ಲಿ ಮಾಡಿಸಿದ ದೋಣಿ, ಹೆಲಿಕಾಪ್ಟರುಗಳನ್ನು ಆಮೇಲೆ ಧಾರಾವಾಹಿಯವರು ಬಳಸಿಕೊಂಡರು. ಒಂದೇ ಒಲೆ, ಒಂದೇ ಪಡಸಾಲೆಯ ಅವಿಭಕ್ತ ಕುಟುಂಬ. ಹಿಸ್ಸೆ ಕೇಳುವವರು ಇನ್ನೂ ಹುಟ್ಟಿರಲಿಲ್ಲ.

ಹಿಸ್ಸೆಗೆ ಬೇಕಾದ ಕಾನೂನು ಮಾತ್ರ ಅಷ್ಟರಲ್ಲೇ ಸಿದ್ಧವಾಗಿತ್ತು. ಈ ದರ್ಶನದ ಮೂಲಸೂತ್ರ 1961ರಲ್ಲಿ ಡಿಸಿ ಕಾಮಿಕ್ಸಿನ ‘ದ ಫ್ಲ್ಯಾಶ್’ ಪತ್ರಿಕೆಯ 123ನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಸಮಸ್ಯೆ ಹೀಗಿತ್ತು: 1940ರಲ್ಲಿ ಜೇ ಗ್ಯಾರಿಕ್ ಎಂಬ ಫ್ಲ್ಯಾಶ್ ಇದ್ದ, ತಲೆಗೆ ತಗಡಿನ ಟೋಪಿ. 1956ರಲ್ಲಿ ಬ್ಯಾರಿ ಅಲೆನ್ ಎಂಬ ಹೊಸ ಫ್ಲ್ಯಾಶ್ ಬಂದ, ಅವನು ಜೇ ಗ್ಯಾರಿಕ್‌ನ ಕಥೆಗಳನ್ನು ಕಾಮಿಕ್ಸಿನಲ್ಲಿ ಓದಿದವನು. ಈಗ ಇಬ್ಬರನ್ನೂ ಭೇಟಿ ಮಾಡಿಸಬೇಕು. ಒಬ್ಬನಿಗೆ ಇನ್ನೊಬ್ಬ ಕಥೆಯ ಪಾತ್ರ, ಭೇಟಿ ಹೇಗೆ? ಕಥೆಗಾರ ಗಾರ್ಡ್ನರ್ ಫಾಕ್ಸ್ ಕಂಡುಕೊಂಡ ಉಪಾಯ ನಮ್ಮ ಮೀಮಾಂಸಕರೂ ತಲೆದೂಗುವಂಥದ್ದು. ಬ್ಯಾರಿ ವೇದಿಕೆಯ ಮೇಲೆ ಮಕ್ಕಳಿಗೆ ಚಮತ್ಕಾರ ತೋರಿಸುತ್ತ ಅತಿವೇಗದಲ್ಲಿ ಕಂಪಿಸಿ ಮಾಯವಾಗಿ, ಇನ್ನೊಂದು ಭೂಮಿಯಲ್ಲಿ ಕಣ್ಣು ಬಿಡುತ್ತಾನೆ. ಅಲ್ಲಿ ಜೇ ಗ್ಯಾರಿಕ್ ನಿಜವಾಗಿಯೂ ಇದ್ದಾನೆ. ಹಾಗಾದರೆ ಆ ಕಾಮಿಕ್ಸ್ ಯಾರು ಬರೆದದ್ದು? ಗಾರ್ಡ್ನರ್ ಫಾಕ್ಸ್ ಎಂಬೊಬ್ಬ ಲೇಖಕ ನಿದ್ದೆಯಲ್ಲಿದ್ದಾಗ ಅವನ ಮನಸ್ಸು ಆ ಲೋಕದ ಕಂಪನಕ್ಕೆ ಶ್ರುತಿಗೂಡಿತ್ತು, ಅವನು ಕಂಡದ್ದನ್ನು ಬರೆದಿಟ್ಟ, ಎಂದು ಕಥೆಯೊಳಗಿನ ಬ್ಯಾರಿಯೇ ವಿವರಿಸುತ್ತಾನೆ. ಋಷಿಗಳು ಮಂತ್ರವನ್ನು ಕಂಡವರು, ಕಟ್ಟಿದವರಲ್ಲ ಎಂದು ಹೇಳುತ್ತಾರಲ್ಲ, ಅದೇ ಸ್ಥಾನವನ್ನು ಫಾಕ್ಸ್ ತಮಗೆ ತಾವೇ ದಯಪಾಲಿಸಿಕೊಂಡರು. 1940ರ ಮೊದಲ ಫ್ಲ್ಯಾಶ್ ಕಥೆಯನ್ನು ಬರೆದವರೂ ಅವರೇ ಆದ್ದರಿಂದ ತಕರಾರು ಮಾಡಲು ಬೇರೆ ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಲೋಕಗಳು ಹೆಚ್ಚಿದವು. ಒಂದನೇ ಭೂಮಿ, ಎರಡನೇ ಭೂಮಿ, ಮೂರನೇ ಭೂಮಿ ಎಂದು ನಂಬರು ಬಿದ್ದವು. ಕೊನೆಗೆ ಲೆಕ್ಕ ಇಡಲಾಗದೆ 1985ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಸೇರಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಂಬ 12 ಸಂಚಿಕೆಗಳ ಮಹಾಪ್ರಳಯ ನಡೆಸಿ ಎಲ್ಲವನ್ನೂ ಒಂದು ಮಾಡಿದರು. ಪ್ರಳಯದಲ್ಲಿ ಬ್ಯಾರಿ ಅಲೆನ್ ತೀರಿಕೊಂಡ. ಕಂಪಿಸಿ ಗೋಡೆ ಒಡೆದವನೇ ಗೋಡೆ ಕಟ್ಟಲು ಬಲಿಯಾದದ್ದು ನ್ಯಾಯವೇ ಸರಿ. ಆಮೇಲೆ ಅವನೂ ಬದುಕಿ ಬಂದ, ಲೋಕಗಳೂ ಮತ್ತೆ ಚಿಗುರಿದವು. ಅದು ಈ ಗ್ರಂಥದ ವ್ಯಾಪ್ತಿಗೆ ಹೊರಗಿನ ಮಾತು.

ಈಗ ದ್ವೈತಮತ. ಇದರ ಪೀಠ ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿದೆ. 2014ರ ಅಕ್ಟೋಬರ್ 7ರಂದು ‘ದ ಫ್ಲ್ಯಾಶ್’ ಧಾರಾವಾಹಿ ಸಿಡಬ್ಲ್ಯು ಚಾನೆಲ್ಲಿನಲ್ಲಿ ಆರಂಭವಾಯಿತು, ನಾಯಕ ಗ್ರಾಂಟ್ ಗಸ್ಟಿನ್. ಜನ ಮುಗಿಬಿದ್ದು ನೋಡಿದರು. ಎಂಟು ದಿನ ಕಳೆದು, ಅಕ್ಟೋಬರ್ 15ಕ್ಕೆ, ಅದೇ ವಾರ್ನರ್ ಸಂಸ್ಥೆ ಮುಂದಿನ ವರ್ಷಗಳ ಸಿನಿಮಾಗಳ ಪಟ್ಟಿ ಹೊರಡಿಸಿತು: ಫ್ಲ್ಯಾಶ್ ಸಿನಿಮಾ ಬರಲಿದೆ, ನಾಯಕ ಎಜ್ರಾ ಮಿಲ್ಲರ್. ಮದುವೆಯಾಗಿ ಎಂಟು ದಿನಕ್ಕೆ ಗಂಡಿನ ಕಡೆಯವರು ಬೇರೆ ಹೆಣ್ಣು ನೋಡಲು ಹೊರಟರೆ ಊರಲ್ಲಿ ಪಂಚಾಯಿತಿ ಸೇರುತ್ತದೆ. ಇಲ್ಲಿ ಪಂಚಾಯಿತಿ ಸೇರಲಿಲ್ಲ, ಭಾಷ್ಯ ಬಂತು. ಸಿನಿಮಾದ ಲೋಕ ಬೇರೆ, ಟೀವಿಯ ಲೋಕ ಬೇರೆ, ಎರಡೂ ಸತ್ಯ, ಎರಡೂ ಒಟ್ಟಿಗೆ ಇರುತ್ತವೆ ಎಂದು ಡಿಸಿಯ ಅಂದಿನ ಸೃಜನಾಧಿಕಾರಿ ಜೆಫ್ ಜಾನ್ಸ್ ವಿವರಿಸಿದರು. ಮಲ್ಟಿವರ್ಸ್ ಎಂಬ ಕಾಮಿಕ್ಸಿನ ಹಳೆಯ ಕನಸು ಹೀಗೆ ಆಫೀಸಿನ ಸುತ್ತೋಲೆಯಾಯಿತು.

ಮಧ್ವಮತದಲ್ಲಿ ಭೇದಗಳು ಐದು: ಈಶನಿಗೂ ಜೀವನಿಗೂ, ಈಶನಿಗೂ ಜಡಕ್ಕೂ, ಜೀವನಿಗೂ ಜಡಕ್ಕೂ, ಜೀವಜೀವರಿಗೆ, ಜಡಜಡಕ್ಕೆ. ವಾರ್ನರ್ ಮತದಲ್ಲಿ ಸಿನಿಮಾವನ್ನು ಈಶ, ಧಾರಾವಾಹಿಯನ್ನು ಜೀವ, ಕಾರ್ಟೂನನ್ನು ಜಡ ಎಂದು ಇಟ್ಟುಕೊಂಡು ನೋಡಿದರೆ (ಕಾರ್ಟೂನು ಪ್ರಿಯರು ಕ್ಷಮಿಸಬೇಕು, ಅವುಗಳಲ್ಲಿ ಕೆಲವು ಈಶನಿಗಿಂತ ಚೆನ್ನಾಗಿವೆ) ಐದೂ ಕಣ್ಣಿಗೆ ಕಟ್ಟುತ್ತವೆ. ಫ್ಲ್ಯಾಶ್ ಸಿನಿಮಾಕ್ಕೂ ಫ್ಲ್ಯಾಶ್ ಧಾರಾವಾಹಿಗೂ ಇರುವುದು ಈಶಜೀವಭೇದ. ಫಾಕ್ಸ್ ಚಾನೆಲ್ಲಿನ ‘ಗಾಥಮ್’ಗೂ ಸಿಡಬ್ಲ್ಯು ಧಾರಾವಾಹಿಗಳಿಗೂ ಇದ್ದದ್ದು ಜೀವಜೀವಭೇದ. ‘ಟೈಟನ್ಸ್’ ಧಾರಾವಾಹಿಯಲ್ಲಿ ರಕ್ತ ಹರಿಯುತ್ತಿದ್ದ ಕಾಲದಲ್ಲೇ ‘ಟೀನ್ ಟೈಟನ್ಸ್ ಗೋ’ ಕಾರ್ಟೂನಿನಲ್ಲಿ ಅದೇ ಹೆಸರಿನವರು ತಮಾಷೆ ಮಾಡಿಕೊಂಡಿದ್ದದ್ದು ಜೀವಜಡಭೇದ. 2005ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಸಿನಿಮಾದಲ್ಲಿ ಸ್ಕೇರ್‌ಕ್ರೋ ಖಳನಾದ. ಅದೇ ಕಾಲದ ‘ದ ಬ್ಯಾಟ್‌ಮ್ಯಾನ್’ ಕಾರ್ಟೂನಿನಲ್ಲಿ ಅವನು ಒಮ್ಮೆಯೂ ತಲೆ ಹಾಕಲಿಲ್ಲ, ಇದು ಈಶಜಡಭೇದ. ಇನ್ನು ಆ ಕಾರ್ಟೂನು ನಡೆಯುವಷ್ಟು ಕಾಲ ‘ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್’ ಎಂಬ ಇನ್ನೊಂದು ಕಾರ್ಟೂನಿಗೆ ಬ್ಯಾಟ್‌ಮ್ಯಾನ್ ಸಿಕ್ಕಿದರೂ ಅವನ ಖಳರು ಸಿಗುತ್ತಿರಲಿಲ್ಲ. ಅಭಿಮಾನಿಗಳು ಇದಕ್ಕೆ ‘ಬ್ಯಾಟ್ ದಿಗ್ಬಂಧನ’ ಎಂದು ಹೆಸರಿಟ್ಟರು. ಶಾಸ್ತ್ರದಲ್ಲಿ ಇದು ಜಡಜಡಭೇದ.

ಮಧ್ವರಿಗೆ ಈಶ ಒಬ್ಬನೇ ಆದ್ದರಿಂದ ಆರನೆಯ ಭೇದದ ಮಾತೇ ಬರಲಿಲ್ಲ. ವಾರ್ನರ್ ಅದನ್ನೂ ಸೇರಿಸಿತು. 2019ರಲ್ಲಿ ‘ಜೋಕರ್’ ಎಂಬ ಸಿನಿಮಾ ಮಾಡಿ, ಅದು ಜಸ್ಟಿಸ್ ಲೀಗಿನ ಲೋಕದ್ದಲ್ಲ ಎಂದಿತು. 2022ರಲ್ಲಿ ರಾಬರ್ಟ್ ಪ್ಯಾಟಿನ್‌ಸನ್‌ರ ‘ದ ಬ್ಯಾಟ್‌ಮ್ಯಾನ್’ ಬಂತು. ಅದು ಎರಡೂ ಅಲ್ಲ ಎಂದಿತು.

ದ್ವೈತದ ಇನ್ನೊಂದು ಅಂಗ ತಾರತಮ್ಯ. ಭೇದ ಇದ್ದರೆ ಸಾಲದು, ಯಾರು ಮೇಲೆ ಯಾರು ಕೆಳಗೆ ಎಂಬುದು ನಿಷ್ಕರ್ಷೆಯಾಗಬೇಕು. ‘ಸ್ಮಾಲ್‌ವಿಲ್’ ಧಾರಾವಾಹಿ 2001ರಿಂದ 2011ರವರೆಗೆ ಹತ್ತು ಸೀಸನ್, 217 ಸಂಚಿಕೆ ನಡೆಯಿತು. ನಾಯಕ ಕ್ಲಾರ್ಕ್ ಕೆಂಟ್. ಆದರೆ ಬಿಗಿ ಉಡುಪು ಇಲ್ಲ, ಹಾರಾಟ ಇಲ್ಲ ಎಂಬುದು ನಿರ್ಮಾಪಕರ ಪ್ರತಿಜ್ಞೆ. ಅದರ ನಡುಮಧ್ಯದಲ್ಲಿ, 2006ಕ್ಕೆ, ಬ್ರ್ಯಾಂಡನ್ ರೌತ್ ‘ಸೂಪರ್‌ಮ್ಯಾನ್ ರಿಟರ್ನ್ಸ್’ನಲ್ಲಿ ಉಡುಪೂ ತೊಟ್ಟು ಹಾರಿಯೂ ಹಾರಿ ಹೋದರು. ಐದು ವರ್ಷದಿಂದ ನೆಲದ ಮೇಲೆ ಓಡುತ್ತಿದ್ದ ಟಾಮ್ ವೆಲ್ಲಿಂಗ್ ಇನ್ನೂ ಐದು ವರ್ಷ ಓಡಿದರು. ಬ್ರೂಸ್ ವೇಯ್ನ್‌ನನ್ನು ಆ ಧಾರಾವಾಹಿಗೆ ಅತಿಥಿಯಾಗಿ ತರಬೇಕೆಂದಾಗ ಸಿನಿಮಾದವರು ಬಿಡಲಿಲ್ಲ. ಹಾಗಾಗಿ ಹಣವಂತನೂ ಅನಾಥನೂ ರಾತ್ರಿ ಹೊತ್ತು ಮುಖ ಮುಚ್ಚಿಕೊಂಡು ತಿರುಗುವವನೂ ಆದ ಬೇರೊಬ್ಬನನ್ನು ಹುಡುಕಿದರು; ಬಿಲ್ಲುಗಾರ ಆಲಿವರ್ ಕ್ವೀನ್ ಸಿಕ್ಕಿದ. ಬದಲಿಗೆ ಬಂದ ಆ ಆಲಿವರ್ ಕ್ವೀನ್‌ನದೇ ಕಥೆ 2012ರಲ್ಲಿ ಬೇರೆ ನಟ, ಬೇರೆ ಲೋಕದಲ್ಲಿ ‘ಆರೋ’ ಎಂಬ ಹೆಸರಿನಲ್ಲಿ ಶುರುವಾಗಿ ಎಂಟು ಸೀಸನ್ ಓಡಿತು.

ಆ ‘ಆರೋ’ದಲ್ಲೇ ತಾರತಮ್ಯದ ರಕ್ತಸಿಕ್ತ ಉದಾಹರಣೆಯಿದೆ. 2014ರ ಮಾರ್ಚ್‌ನಲ್ಲಿ ಅಲ್ಲಿ ‘ಸೂಯಿಸೈಡ್ ಸ್ಕ್ವಾಡ್’ ಎಂಬ ಖೈದಿಗಳ ಪಡೆ ಕಾಣಿಸಿತು. ಅದರ ಯಜಮಾನಿ ಅಮಾಂಡಾ ವಾಲರ್, ಪಾತ್ರಧಾರಿ ಸಿಂಥಿಯಾ ಅಡೈ-ರಾಬಿನ್ಸನ್, ಗುರಿಕಾರ ಡೆಡ್‌ಶಾಟ್. ಅದೇ ವರ್ಷದ ಅಕ್ಟೋಬರ್ ಪಟ್ಟಿಯಲ್ಲಿ ‘ಸೂಯಿಸೈಡ್ ಸ್ಕ್ವಾಡ್’ ಎಂಬ ಸಿನಿಮಾದ ಹೆಸರಿತ್ತು. 2015ರ ಮಾರ್ಚ್‌ನಲ್ಲಿ ಧಾರಾವಾಹಿಯ ಡೆಡ್‌ಶಾಟ್ ಸ್ಫೋಟದಲ್ಲಿ ಹೋದ. 2016ರ ಜನವರಿಯಲ್ಲಿ ವಾಲರ್ ಗುಂಡೇಟಿಗೆ ಸತ್ತಳು. ಆಗಸ್ಟ್‌ನಲ್ಲಿ ಸಿನಿಮಾ ತೆರೆಗೆ ಬಂತು. ವಿಲ್ ಸ್ಮಿತ್ ಡೆಡ್‌ಶಾಟ್, ವಯೋಲಾ ಡೇವಿಸ್ ವಾಲರ್. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಎಲ್ಲೆಲ್ಲಿ ಸಿನಿಮಾ ಸಮೀಪಿಸುತ್ತದೋ ಅಲ್ಲಲ್ಲಿ ಧಾರಾವಾಹಿಯ ಹೆಸರಿನವರಿಗೆ ಮೃತ್ಯುಯೋಗ ಎಂಬ ವ್ಯಾಪ್ತಿಯನ್ನು ಓದುಗರೇ ಕಟ್ಟಿಕೊಳ್ಳಲಿ. ‘ಗಾಥಮ್’ ಇನ್ನೂ ಜಾಣತನ ತೋರಿತು: ಅಲ್ಲಿ ಬಿಳಿಚಿಕೊಂಡು, ಹಲ್ಲು ಕಿರಿದು, ಊರಿಗೆ ಬೆಂಕಿ ಹಚ್ಚುವ ಹುಚ್ಚ ಒಬ್ಬನಲ್ಲ, ಅಣ್ಣತಮ್ಮಂದಿರು ಇಬ್ಬರು, ಕ್ಯಾಮರನ್ ಮೊನಾಹನ್ ಎರಡೂ ಪಾತ್ರ ಮಾಡಿದರು. ಅವರಲ್ಲಿ ಯಾರನ್ನೂ ಯಾರೂ ಜೋಕರ್ ಎಂದು ಮಾತ್ರ ಕರೆಯಲಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಸ್ವಾಮಿ, ಇಬ್ಬಿಬ್ಬರು ಫ್ಲ್ಯಾಶ್ ಒಟ್ಟಿಗೆ ಬಂದರೆ ಪ್ರೇಕ್ಷಕನಿಗೆ ಗೊಂದಲವಾಗುವುದಿಲ್ಲವೇ? ಅದಕ್ಕೇ ಬೇರೆ ಲೋಕ.’ ಈ ವಾದ ನಿಲ್ಲುವುದಿಲ್ಲ. ಜಾನ್ ವೆಸ್ಲಿ ಶಿಪ್ ಎಂಬ ನಟರನ್ನು ನೋಡಿ. 1990ರ ಹಳೆಯ ಫ್ಲ್ಯಾಶ್ ಧಾರಾವಾಹಿಯಲ್ಲಿ ಅವರು ಬ್ಯಾರಿ ಅಲೆನ್. 2014ರ ಧಾರಾವಾಹಿಯಲ್ಲಿ ಬ್ಯಾರಿಯ ಅಪ್ಪ. ಅಪ್ಪ ಸತ್ತ ಮೇಲೆ ಅಪ್ಪನ ಮುಖವೇ ಇರುವ, ತಗಡಿನ ಟೋಪಿಯ ಜೇ ಗ್ಯಾರಿಕ್. ಆಮೇಲೆ ಬೇರೊಂದು ಭೂಮಿಯಿಂದ ಬಂದ ಮುದಿ ಬ್ಯಾರಿ, ಅಂದರೆ ಮತ್ತೆ 1990ರ ತಾವೇ. ಇಷ್ಟನ್ನೂ ಅಮೆರಿಕದ ಶಾಲಾಮಕ್ಕಳು ಕಾರ್ನ್‌ಫ್ಲೇಕ್ಸ್ ತಿನ್ನುತ್ತ ಅರಗಿಸಿಕೊಂಡರು. ಗೊಂದಲದ ಭಯ ಪ್ರೇಕ್ಷಕನದಲ್ಲ, ಬೇರೆ ಕಡೆಯದು. ಎಲ್ಲಿಯದು ಎಂಬುದು ಅದ್ವೈತಮತವನ್ನು ಪರಿಶೀಲಿಸಿದಾಗ ತಾನೇ ಬಯಲಾಗುತ್ತದೆ.

ಅದ್ವೈತಪೀಠ ಮಾರ್ವೆಲ್‌ನದು. 2013ರ ಸೆಪ್ಟೆಂಬರ್‌ನಲ್ಲಿ ‘ಏಜೆಂಟ್ಸ್ ಆಫ್ ಶೀಲ್ಡ್’ ಧಾರಾವಾಹಿ ಎಬಿಸಿ ಚಾನೆಲ್ಲಿಗೆ ಬಂದಾಗ ಅದರ ಪ್ರಚಾರಕ್ಕೆ ಒಂದು ಮಹಾವಾಕ್ಯವನ್ನೇ ಬಳಸಿದರು: ಎಲ್ಲವೂ ಒಂದಕ್ಕೊಂದು ಬೆಸೆದಿದೆ. ಸಿನಿಮಾ ಬೇರೆಯಲ್ಲ, ಧಾರಾವಾಹಿ ಬೇರೆಯಲ್ಲ, ಇರುವುದೊಂದೇ. 2012ರ ‘ದ ಅವೆಂಜರ್ಸ್’ ಸಿನಿಮಾದಲ್ಲಿ ಎದೆಗೆ ಇರಿತ ತಿಂದು ಸತ್ತಿದ್ದ ಏಜೆಂಟ್ ಕೋಲ್ಸನ್ ಧಾರಾವಾಹಿಯಲ್ಲಿ ಬದುಕಿ ಬಂದು ನಾಯಕನೇ ಆದ. ನಟ ಅದೇ ಕ್ಲಾರ್ಕ್ ಗ್ರೆಗ್. ಸಿನಿಮಾದ ನಿರ್ದೇಶಕ ಜಾಸ್ ವೀಡನ್ ಧಾರಾವಾಹಿಯ ಸೃಷ್ಟಿಕರ್ತರಲ್ಲೂ ಒಬ್ಬರು. ಇದಕ್ಕಿಂತ ಶುದ್ಧ ಅದ್ವೈತ ಇನ್ನೆಲ್ಲಿ?

ಆದರೆ ಅದ್ವೈತದಲ್ಲಿ ಸತ್ಯಕ್ಕೆ ಎರಡು ಅಂತಸ್ತುಗಳಿವೆ ಎಂಬುದನ್ನು ಮರೆಯಬಾರದು. ಸಿನಿಮಾ ಪಾರಮಾರ್ಥಿಕ, ಧಾರಾವಾಹಿ ವ್ಯಾವಹಾರಿಕ. ಕೆಳಗಿನವರಿಗೆ ಮೇಲಿನದೆಲ್ಲ ಗೊತ್ತು. ಮೇಲಿನವರಿಗೆ ಕೆಳಗೊಂದು ಜಗತ್ತು ಇದೆಯೆಂಬುದೇ ಗೊತ್ತಿಲ್ಲ. 2014ರ ಏಪ್ರಿಲ್ 4ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ವಿಂಟರ್ ಸೋಲ್ಜರ್’ ಸಿನಿಮಾದಲ್ಲಿ ಶೀಲ್ಡ್ ಎಂಬ ಸಂಸ್ಥೆಯೊಳಗೆ ಶತ್ರುಗಳೇ ತುಂಬಿರುವುದು ಬಯಲಾಗಿ ಸಂಸ್ಥೆ ಕುಸಿದುಬಿತ್ತು. ಆ ಸಂಸ್ಥೆಯ ಹೆಸರು ಹೊತ್ತ ಧಾರಾವಾಹಿ ಅದುವರೆಗೆ 16 ಸಂಚಿಕೆ ಏನೂ ತಿಳಿಯದವರಂತೆ ಕಾಲ ತಳ್ಳಿ, ನಾಲ್ಕು ದಿನ ಬಿಟ್ಟು 17ನೆಯದರಲ್ಲಿ ಮನೆ ಕುಸಿದದ್ದನ್ನು ಕಂಡುಕೊಂಡು ಹೌಹಾರಿತು. ಸಿನಿಮಾದವರು ಇತ್ತ ತಿರುಗಿಯೂ ನೋಡಲಿಲ್ಲ. ಕೋಲ್ಸನ್ ಬದುಕಿದ್ದಾನೆ ಎಂಬ ಸುದ್ದಿ ಏಳು ಸೀಸನ್, 136 ಸಂಚಿಕೆ ಮುಗಿದರೂ ಅವೆಂಜರ್ಸ್ ಕಿವಿಗೆ ಬೀಳಲಿಲ್ಲ. ಅವನು ಮತ್ತೆ ಸಿನಿಮಾಕ್ಕೆ ಬಂದದ್ದು 2019ರ ‘ಕ್ಯಾಪ್ಟನ್ ಮಾರ್ವೆಲ್’ನಲ್ಲಿ. ಆ ಕಥೆ ನಡೆಯುವುದು 1995ರಲ್ಲಿ, ಅವನು ಸಾಯುವುದಕ್ಕೂ ಮೊದಲು. ಬದುಕಿದ್ದವನಿಗೆ ಬದುಕಿದ್ದಾಗಿನ ಪಾತ್ರ ಕೊಡುವುದರಲ್ಲಿ ಸಿದ್ಧಾಂತಕ್ಕೆ ಧಕ್ಕೆಯೇನೂ ಇಲ್ಲ.

ಧಾರಾವಾಹಿಯಲ್ಲಿ ಮೊದಲು ಹುಟ್ಟಿ, ಅದೇ ನಟನ ಮುಖದಲ್ಲಿ ಸಿನಿಮಾ ಲೋಕಕ್ಕೆ ಏರಿದ ಮೊದಲ ಜೀವ ಯಾವುದು? ‘ಏಜೆಂಟ್ ಕಾರ್ಟರ್’ ಧಾರಾವಾಹಿಯ ಜಾರ್ವಿಸ್, ನಟ ಜೇಮ್ಸ್ ಡಾರ್ಸಿ. ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಅವನು ಕೆಲವು ಕ್ಷಣ ಕಾಣುತ್ತಾನೆ, ಹೊವಾರ್ಡ್ ಸ್ಟಾರ್ಕ್‌ನ ಕಾರಿನ ಬಳಿ. ಅಂತೂ ಮೋಕ್ಷದ್ವಾರ ತೆರೆದದ್ದು ಒಬ್ಬ ಡ್ರೈವರಿಗೆ.

ನೆಟ್‌ಫ್ಲಿಕ್ಸ್‌ನ ‘ಡೇರ್‌ಡೆವಿಲ್’ (2015) ಈ ಮತದಲ್ಲಿ ಮಾಯಾವಾದದ ತುದಿ ಮುಟ್ಟಿತು. ಅವೆಂಜರ್ಸ್ ನ್ಯೂಯಾರ್ಕ್‌ನಲ್ಲಿ ನಡೆಸಿದ ಯುದ್ಧದಿಂದ ಹೆಲ್ಸ್ ಕಿಚನ್ ಬಡಾವಣೆ ಪುಡಿಯಾಗಿ, ಅದನ್ನು ಮತ್ತೆ ಕಟ್ಟುವ ಗುತ್ತಿಗೆಯಲ್ಲಿ ಖಳ ವಿಲ್ಸನ್ ಫಿಸ್ಕ್ ದುಡ್ಡು ಮಾಡುತ್ತಾನೆ. ಕಥೆಯ ಹೂರಣವೇ ಅದು. ಆದರೂ ಐರನ್‌ಮ್ಯಾನ್, ಥಾರ್ ಎಂಬ ಹೆಸರುಗಳನ್ನು ನೇರವಾಗಿ ಎತ್ತುವವರಿಲ್ಲ. ಆ ಯುದ್ಧಕ್ಕೆ ‘ಆ ಘಟನೆ’ ಎಂದಷ್ಟೇ ಹೆಸರು, ಹಿಂದೆ ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಎನ್ನುತ್ತಿದ್ದ ಗೃಹಿಣಿಯರ ಹಾಗೆ. ನ್ಯೂಯಾರ್ಕ್‌ನ ಕಟ್ಟಡಗಳ ಸಾಲನ್ನು ದೂರದಿಂದ ತೋರಿಸಿದಾಗ ಸಿನಿಮಾದಲ್ಲಿ ಅವೆಂಜರ್ಸ್ ಗೋಪುರ ಇರಬೇಕಾದ ಜಾಗದಲ್ಲಿ ನಿಜ ಜೀವನದ ಮೆಟ್‌ಲೈಫ್ ಕಟ್ಟಡವೇ ನಿಂತಿತ್ತು. ಬ್ರಹ್ಮ ಸತ್ಯ, ಗೋಪುರ ಮಿಥ್ಯಾ.

ಈ ಎರಡಂತಸ್ತಿನ ಸತ್ಯದ ಗುಟ್ಟು ವೇದಾಂತದಲ್ಲಿಲ್ಲ, ಆಫೀಸಿನಲ್ಲಿದೆ. ಸಿನಿಮಾ ವಿಭಾಗ ಕೆವಿನ್ ಫೈಗಿಯವರದು. ಟೀವಿ ವಿಭಾಗ ಜೆಫ್ ಲೋಬ್ ಅವರದಾಗಿತ್ತು. ಇಬ್ಬರಿಗೂ ಮೇಲೆ ಐಕ್ ಪರ್ಲ್‌ಮಟರ್ ಇದ್ದರು. 2015ರಲ್ಲಿ ಫೈಗಿ ಪರ್ಲ್‌ಮಟರ್ ಕೈಯಿಂದ ಬಿಡಿಸಿಕೊಂಡು ನೇರ ಡಿಸ್ನಿ ಸ್ಟುಡಿಯೋಗೆ ವರದಿ ಒಪ್ಪಿಸತೊಡಗಿದರು. ಟೀವಿ ಹಳೆಯ ಮನೆಯಲ್ಲೇ ಉಳಿಯಿತು. ಆಮೇಲೆ ಧಾರಾವಾಹಿಗಳ ಮಹಾವಾಕ್ಯ ಮೆಲ್ಲಗೆ ಕಿವಿಮಾತಾಯಿತು. 2018ರ ಸಿನಿಮಾದಲ್ಲಿ ಥಾನೋಸ್ ಎಂಬ ಖಳ ಚಿಟಿಕೆ ಹೊಡೆದು ಅರ್ಧ ಜಗತ್ತನ್ನು ಬೂದಿ ಮಾಡಿದಾಗ ‘ಶೀಲ್ಡ್’ನ ಆರನೆಯ ಸೀಸನ್ನಿನಲ್ಲಿ ಒಬ್ಬರೂ ಬೂದಿಯಾಗಿರಲಿಲ್ಲ, ಆ ಮಾತೂ ಬರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಫೈಗಿ ಇಡೀ ಮಾರ್ವೆಲ್‌ನ ಸೃಜನ ಮುಖ್ಯಸ್ಥರಾದರು, ಡಿಸೆಂಬರ್ ಹೊತ್ತಿಗೆ ಟೀವಿ ವಿಭಾಗಕ್ಕೆ ಬಾಗಿಲು ಹಾಕಿದರು. ಆಗ ನೋಡಿ, 2021ರ ಡಿಸೆಂಬರ್ ಒಂದೇ ತಿಂಗಳಲ್ಲಿ ನೆಟ್‌ಫ್ಲಿಕ್ಸಿನ ಡೇರ್‌ಡೆವಿಲ್ ಚಾರ್ಲಿ ಕಾಕ್ಸ್ ಸ್ಪೈಡರ್‌ಮ್ಯಾನ್ ಸಿನಿಮಾದಲ್ಲೂ ಅದೇ ಧಾರಾವಾಹಿಯ ಖಳ ವಿನ್ಸೆಂಟ್ ಡಿನೋಫ್ರಿಯೊ ‘ಹಾಕ್‌ಐ’ನಲ್ಲೂ ಪ್ರತ್ಯಕ್ಷ. ಬ್ರಹ್ಮಾಂಡಗಳ ನಡುವಿನ ಗೋಡೆ ಬಿದ್ದದ್ದು ಯಾರೋ ಕಂಪಿಸಿದ್ದರಿಂದಲ್ಲ. ಇಬ್ಬರು ಬಾಸುಗಳ ಜಾಗದಲ್ಲಿ ಒಬ್ಬರಾದದ್ದರಿಂದ.

ಕಾನೂನಿನಿಂದ ಹುಟ್ಟುವ ಭೇದವೂ ಒಂದಿದೆ. ಎಕ್ಸ್-ಮೆನ್ ಸಿನಿಮಾ ಹಕ್ಕು ಫಾಕ್ಸ್ ಸ್ಟುಡಿಯೋದ ಬಳಿ, ಅವೆಂಜರ್ಸ್ ಹಕ್ಕು ಮಾರ್ವೆಲ್ ಬಳಿ ಇತ್ತು, ಆದರೆ ಕ್ವಿಕ್‌ಸಿಲ್ವರ್ ಎಂಬ ಓಟಗಾರ ಎರಡೂ ಕಡೆಯ ಕಾಮಿಕ್ಸಿನಲ್ಲಿ ಇದ್ದುದರಿಂದ ಇಬ್ಬರಿಗೂ ಸೇರಿದವನಾದ. 2014ರಲ್ಲಿ ಫಾಕ್ಸ್‌ನ ಸಿನಿಮಾದಲ್ಲಿ ಇವಾನ್ ಪೀಟರ್ಸ್ ಓಡಿದರು, 2015ರಲ್ಲಿ ಮಾರ್ವೆಲ್‌ನದರಲ್ಲಿ ಆರನ್ ಟೇಲರ್-ಜಾನ್ಸನ್ ಓಡಿ ಗುಂಡು ತಿಂದು ಸತ್ತರು. ಫಾಕ್ಸ್ ಅವೆಂಜರ್ಸ್ ಎನ್ನುವಂತಿಲ್ಲ, ಮಾರ್ವೆಲ್ ಮ್ಯೂಟೆಂಟ್ ಎನ್ನುವಂತಿಲ್ಲ, ಅಪ್ಪ ಮ್ಯಾಗ್ನೆಟೋ ಎನ್ನುವಂತೆಯೂ ಇಲ್ಲ. 2019ರ ಮಾರ್ಚ್‌ನಲ್ಲಿ ಡಿಸ್ನಿ ಸುಮಾರು 7,130 ಕೋಟಿ ಡಾಲರ್ ತೆತ್ತು ಫಾಕ್ಸ್ ಅನ್ನೇ ಕೊಂಡಿತು. 2021ರ ‘ವಾಂಡಾವಿಷನ್’ ಧಾರಾವಾಹಿಯಲ್ಲಿ ವಾಂಡಾ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಸತ್ತ ಅಣ್ಣ ಕ್ವಿಕ್‌ಸಿಲ್ವರ್ ಎಂದು ನಿಂತವರು ಇವಾನ್ ಪೀಟರ್ಸ್! ಅಭಿಮಾನಿಗಳು ವಾರಗಟ್ಟಲೆ ನಿದ್ದೆ ಬಿಟ್ಟರು. ಎರಡು ಬ್ರಹ್ಮಾಂಡ ಕೂಡಿತೆಂದು ಉದ್ದುದ್ದ ಲೇಖನ ಬರೆದರು. ಕೊನೆಯ ಸಂಚಿಕೆಯಲ್ಲಿ ತಿಳಿದುಬಂತು: ಅವನು ರಾಲ್ಫ್ ಬೋನರ್ ಎಂಬ ಪಕ್ಕದ ಮನೆಯವನು, ಒಬ್ಬ ನಟ. ಅಷ್ಟು ಹಣ ಕೊಟ್ಟು ಕೊಂಡ ಲೋಕದಿಂದ ಮೊದಲು ಬಂದದ್ದು ಇಷ್ಟು.

ದ್ವೈತಿಗಳತ್ತ ಮರಳೋಣ. ಕನ್ನಡ ಧಾರಾವಾಹಿಗಳ ವೀಕ್ಷಕರಿಗೆ ಮಹಾಸಂಗಮ ಹೊಸದಲ್ಲ. ಒಂದು ಧಾರಾವಾಹಿಯ ಮದುವೆಗೆ ಇನ್ನೊಂದು ಧಾರಾವಾಹಿಯ ಅತ್ತೆ ಸೊಸೆ ಬಂದು ಕೂರುತ್ತಾರೆ, ಯಾರೂ ಬ್ರಹ್ಮಾಂಡದ ನಂಬರು ಕೇಳುವುದಿಲ್ಲ. ಸಿಡಬ್ಲ್ಯು ನಂಬರು ಕೇಳುತ್ತಿತ್ತು. 2015ರಲ್ಲಿ ‘ಸೂಪರ್‌ಗರ್ಲ್’ ಸಿಬಿಎಸ್ ಚಾನೆಲ್ಲಿನಲ್ಲಿ ಶುರುವಾಗಿದ್ದರಿಂದ ಅವಳದು ಬೇರೆ ಭೂಮಿ, ನಂಬರು 38. ಮರುವರ್ಷ ಧಾರಾವಾಹಿ ಸಿಡಬ್ಲ್ಯುಗೆ ವರ್ಗವಾಯಿತು. ಚಾನೆಲ್ ಬದಲಾಯಿತು, ಭೂಮಿ ಬದಲಾಗಲಿಲ್ಲ. ಮರುದಿನದ ಸ್ಲಾಟಿನಲ್ಲಿದ್ದ ಫ್ಲ್ಯಾಶ್‌ನನ್ನು ನೋಡಲು ಅವಳು ಬ್ರಹ್ಮಾಂಡ ದಾಟಬೇಕಿತ್ತು. 2019ರ ಡಿಸೆಂಬರ್ 8ರಿಂದ 2020ರ ಜನವರಿ 14ರವರೆಗೆ ಐದು ಸಂಚಿಕೆಗಳಲ್ಲಿ ಕಾಮಿಕ್ಸಿನ ಆ ಮಹಾಪ್ರಳಯವನ್ನೇ ಟೀವಿಗೆ ತಂದರು. ಪ್ರಳಯಕ್ಕೆ ಮುನ್ನ ಎಲ್ಲ ಲೋಕಗಳ ಜನಗಣತಿ ನಡೆಯಿತು. 66ನೇ ಭೂಮಿಯಲ್ಲಿ, ಅಂದರೆ 1966ರ ಬ್ಯಾಟ್‌ಮ್ಯಾನ್ ಲೋಕದಲ್ಲಿ, ಮುದುಕರಾದ ಬರ್ಟ್ ವಾರ್ಡ್ ಹಳೆಯ ರಾಬಿನ್ ಉಡುಪಿನ ಕೆಂಪು-ಹಸಿರು-ಹಳದಿಯ ಸ್ವೆಟರ್ ತೊಟ್ಟು ನಾಯಿ ತಿರುಗಾಡಿಸುತ್ತ ಕೆಂಪೇರಿದ ಆಕಾಶ ನೋಡಿದರು. 89ನೆಯದು 1989ರ ಬ್ಯಾಟ್‌ಮ್ಯಾನ್ ಸಿನಿಮಾದ್ದು, 90ನೆಯದು ಶಿಪ್ ಅವರ ಹಳೆಯ ಫ್ಲ್ಯಾಶ್‌ನದು. ಲೂಸಿಫರ್‌ನ ಭೂಮಿಗೆ 666 ಕೊಟ್ಟದ್ದು ಸರ್ವೆ ಇಲಾಖೆಯಲ್ಲೂ ಒಬ್ಬ ರಸಿಕನಿದ್ದ ಎಂಬುದಕ್ಕೆ ಸಾಕ್ಷಿ. ಬ್ರ್ಯಾಂಡನ್ ರೌತ್ ಮತ್ತೆ ಸೂಪರ್‌ಮ್ಯಾನ್ ಆದರು. ಟಾಮ್ ವೆಲ್ಲಿಂಗ್‌ರ ಕ್ಲಾರ್ಕ್ ತನ್ನ ಶಕ್ತಿಯನ್ನೆಲ್ಲ ಬಿಟ್ಟುಕೊಟ್ಟು ಹೊಲಮನೆಯಲ್ಲಿ ಹಾಯಾಗಿದ್ದ, ಕೊನೆಗೂ ಹಾರದೆ.

ನಾಲ್ಕನೆಯ ಸಂಚಿಕೆಯಲ್ಲಿ ಯಾರೂ ಎದುರು ನೋಡದ ಒಂದು ದೃಶ್ಯ. ಕಾಲದ ಹೊರಗಿನ ಯಾವುದೋ ಜಾಗದಲ್ಲಿ ಗಸ್ಟಿನ್‌ರ ಫ್ಲ್ಯಾಶ್ ನಿಂತಿದ್ದಾನೆ, ಎದುರಿಗೆ ಎಜ್ರಾ ಮಿಲ್ಲರ್ ಸಿನಿಮಾದ ಉಡುಪಿನಲ್ಲೇ ಬಂದು ನಿಲ್ಲುತ್ತಾರೆ. ಇಬ್ಬರೂ ಒಬ್ಬರ ಬಟ್ಟೆಯನ್ನು ಒಬ್ಬರು ಮುಟ್ಟಿ ನೋಡುತ್ತಾರೆ. ಹೆಸರು ಕೇಳಿದರೆ ಇಬ್ಬರೂ ಬ್ಯಾರಿ ಅಲೆನ್. ಆಮೇಲೆ ಧಾರಾವಾಹಿಯವನು ಫ್ಲ್ಯಾಶ್ ಎಂಬ ತನ್ನ ಬಿರುದನ್ನು ಹೇಳುತ್ತಾನೆ. ಸಿನಿಮಾದವನಿಗೆ ಅದು ಹೊಸದು, ಹಿಡಿಸಿಬಿಡುತ್ತದೆ. ಈಶನಿಗೆ ನಾಮಕರಣ ಮಾಡಿದ್ದು ಜೀವ! ದೃಶ್ಯ ಎರಡು ನಿಮಿಷವೂ ಇಲ್ಲ. ಆದರೂ ಪಂಚಭೇದಗಳಲ್ಲಿ ಮೊದಲನೆಯದು ಬಿರುಕು ಬಿಟ್ಟ ಸದ್ದು ಕೇಳಿಸಿತೆಂದು ಅನೇಕರು ನಂಬಿದರು.

ನಂಬಿದವರಿಗೆ ಉತ್ತರ 2023ರಲ್ಲಿ ಸಿಕ್ಕಿತು. ಮೇ 24ಕ್ಕೆ ಗಸ್ಟಿನ್‌ರ ಧಾರಾವಾಹಿ ಒಂಬತ್ತು ಸೀಸನ್, 184 ಸಂಚಿಕೆ ಪೂರೈಸಿ ಮುಗಿಯಿತು. ಮೂರು ವಾರ ಕಳೆದು ಮಿಲ್ಲರ್‌ರ ‘ದ ಫ್ಲ್ಯಾಶ್’ ಸಿನಿಮಾ ತೆರೆಗೆ ಬಂತು. ಅದರ ಕೊನೆಯ ಭಾಗದಲ್ಲಿ ಲೋಕಗಳೆಲ್ಲ ಗೋಳಗಳಾಗಿ ತೇಲಿಬಂದು ಡಿಕ್ಕಿ ಹೊಡೆಯುತ್ತವೆ. ಅದರಲ್ಲಿ ಜಾರ್ಜ್ ರೀವ್ಸ್ ಇದ್ದಾರೆ, ಕ್ರಿಸ್ಟೋಫರ್ ರೀವ್ ಇದ್ದಾರೆ, ಆಡಮ್ ವೆಸ್ಟ್ ಇದ್ದಾರೆ. ತೀರಿಕೊಂಡವರನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ತಂದಿದ್ದಾರೆ. ನಿಕೊಲಸ್ ಕೇಜ್ ಸೂಪರ್‌ಮ್ಯಾನ್ ಆಗಿ ಜೇಡನೊಂದಿಗೆ ಕಾದಾಡುತ್ತಾರೆ. ಅವರ ಆ ಸಿನಿಮಾ 1998ರಲ್ಲೇ ನಿಂತುಹೋಗಿತ್ತು, ಚಿತ್ರೀಕರಣವೇ ಆಗಿರಲಿಲ್ಲ. ಹುಟ್ಟದ ಸಿನಿಮಾಕ್ಕೆ ಗೋಳ ಉಂಟು. 184 ಸಂಚಿಕೆ ಓಡಿದವನಿಗೆ ಗೋಳವಿಲ್ಲ. ತಾರತಮ್ಯದ ಅಧ್ಯಾಯದಲ್ಲಿ ಇದನ್ನು ಮೀರಿಸುವ ಪ್ರಮಾಣವಾಕ್ಯ ಇನ್ನೊಂದು ಸಿಗುವುದು ಕಷ್ಟ.

ಇಷ್ಟರಲ್ಲಿ ಅದ್ವೈತಿಗಳಿಗೆ ಅಜೀರ್ಣ ಶುರುವಾಗಿತ್ತು. ಎಲ್ಲವನ್ನೂ ನಿಜಕ್ಕೂ ಬೆಸೆದ ಮೇಲೆ ಸಿನಿಮಾ ಅರ್ಥವಾಗಲು ಧಾರಾವಾಹಿ ನೋಡಿರಬೇಕಾಯಿತು. 2023ರ ‘ದ ಮಾರ್ವೆಲ್ಸ್’ನ ಮೂವರು ನಾಯಕಿಯರಲ್ಲಿ ಇಬ್ಬರ ಪೂರ್ವಕಥೆ ಧಾರಾವಾಹಿಗಳಲ್ಲಿತ್ತು, ಆ ಸಿನಿಮಾದ ಗಳಿಕೆ ಮಾರ್ವೆಲ್ ಸ್ಟುಡಿಯೋಸ್ ಚರಿತ್ರೆಯಲ್ಲೇ ಕನಿಷ್ಠ. 2024ರ ಜನವರಿಯಲ್ಲಿ ‘ಎಕೋ’ ಧಾರಾವಾಹಿಗೆ ‘ಸ್ಪಾಟ್‌ಲೈಟ್’ ಎಂಬ ಹೊಸ ಮುದ್ರೆ ಒತ್ತಿದರು. ಅದರ ತಾತ್ಪರ್ಯ, ಹಿಂದಿನದೇನನ್ನೂ ನೋಡಿರಬೇಕಿಲ್ಲ, ಹೆದರಬೇಡಿ. ಅದೇ ವರ್ಷ ‘ಮಾರ್ವೆಲ್ ಟೆಲಿವಿಷನ್’ ಎಂಬ, 2019ರಲ್ಲಿ ಬಾಗಿಲು ಹಾಕಿದ್ದ ಹೆಸರಿಗೂ ಮತ್ತೆ ಜೀವ ಬಂತು. ಕೋಲ್ಸನ್‌ನೊಬ್ಬನೇ ಅಲ್ಲ, ಅವನ ಇಲಾಖೆಯೂ ಸತ್ತು ಬದುಕಿತು.

ದ್ವೈತಪೀಠಕ್ಕೆ 2022ರ ನವೆಂಬರ್‌ನಲ್ಲಿ ಜೇಮ್ಸ್ ಗನ್ ಮತ್ತು ಪೀಟರ್ ಸಾಫ್ರನ್ ಏರಿ ಅದನ್ನು ಅದ್ವೈತಕ್ಕೆ ಮತಾಂತರ ಮಾಡಿದರು. ಇನ್ನು ಸಿನಿಮಾ, ಧಾರಾವಾಹಿ, ಕಾರ್ಟೂನು ಎಲ್ಲದರಲ್ಲೂ ಒಂದು ಪಾತ್ರಕ್ಕೆ ಒಬ್ಬರೇ ನಟ. ಒಗ್ಗದವನ್ನು, ಅಂದರೆ ‘ಜೋಕರ್’, ಪ್ಯಾಟಿನ್‌ಸನ್‌ರ ಬ್ಯಾಟ್‌ಮ್ಯಾನ್ ಮುಂತಾದವನ್ನು, ‘ಎಲ್ಸ್‌ವರ್ಲ್ಡ್ಸ್’ ಎಂಬ ಪ್ರತ್ಯೇಕ ಪಡಸಾಲೆಗೆ ಕಳಿಸಿದರು. ಹೆನ್ರಿ ಕ್ಯಾವಿಲ್ ಹೋದರು, ಡೇವಿಡ್ ಕೊರೆನ್‌ಸ್ವೆಟ್ ಬಂದರು, 2025ರ ಜುಲೈಗೆ ಹೊಸ ಸೂಪರ್‌ಮ್ಯಾನ್ ಹಾರಿದ. ಆದರೆ ಪ್ರಳಯದಲ್ಲೂ ಅಳಿಯದವರಿದ್ದಾರೆ. ವಯೋಲಾ ಡೇವಿಸ್‌ರ ಅಮಾಂಡಾ ವಾಲರ್ ಹಳೆಯ ಲೋಕದಲ್ಲೂ ಇದ್ದಳು, ಹೊಸ ಲೋಕದ ‘ಕ್ರೀಚರ್ ಕಮಾಂಡೋಸ್’ ಕಾರ್ಟೂನಿನಲ್ಲೂ ಅದೇ ದನಿಯಲ್ಲಿ ಗದರುತ್ತಾಳೆ. ಜಾನ್ ಸೀನಾರ ‘ಪೀಸ್‌ಮೇಕರ್’ ಕೂಡ ಹಾಗೆಯೇ ದಾಟಿ ಬಂದ. ಆ ಧಾರಾವಾಹಿಯನ್ನು ಬರೆದದ್ದು ಗನ್ ಅವರೇ ಎಂಬುದನ್ನು ಇಲ್ಲಿ ಕಾಕತಾಳೀಯ ನ್ಯಾಯಕ್ಕೆ ಉದಾಹರಣೆಯಾಗಿ ಕೊಡಬಹುದು.

ಪೀಸ್‌ಮೇಕರ್‌ಗೆ ಒಂದು ತೊಡಕಿತ್ತು. 2022ರ ಫೆಬ್ರವರಿಯಲ್ಲಿ ಮೊದಲ ಸೀಸನ್ನಿನ ಕಡೆಯ ಸಂಚಿಕೆಯಲ್ಲಿ, ಯುದ್ಧವೆಲ್ಲ ಮುಗಿದ ಮೇಲೆ ತಡವಾಗಿ ಜಸ್ಟಿಸ್ ಲೀಗ್ ಬಂದು ನಿಲ್ಲುತ್ತದೆ: ಜೇಸನ್ ಮೊಮೋವಾ, ಎಜ್ರಾ ಮಿಲ್ಲರ್ ಮುಖ ತೋರಿಸುತ್ತಾರೆ, ಸೂಪರ್‌ಮ್ಯಾನ್ ಮತ್ತು ವಂಡರ್ ವುಮನ್ ಕತ್ತಲಲ್ಲಿ ನೆರಳಾಗಿ ನಿಂತಿರುತ್ತಾರೆ. ಅವರೆಲ್ಲ ಈಗ ಅಳಿದ ಲೋಕದವರು. 2025ರ ಆಗಸ್ಟ್‌ನಲ್ಲಿ ಎರಡನೆಯ ಸೀಸನ್ ಶುರುವಾದಾಗ ವಾಡಿಕೆಯಂತೆ ‘ಹಿಂದಿನ ಕಥೆ’ಯ ತುಣುಕುಗಳು ಬಂದವು. ಅವುಗಳಲ್ಲಿ ಅದೇ ರಾತ್ರಿ, ಅದೇ ಹೊಲ, ಅದೇ ಪೀಸ್‌ಮೇಕರ್. ತಡವಾಗಿ ಬಂದು ನಿಂತವರು ಮಾತ್ರ ಹೊಸ ಸಿನಿಮಾದ ‘ಜಸ್ಟಿಸ್ ಗ್ಯಾಂಗ್’. ಮೂರೂವರೆ ವರ್ಷದ ಹಿಂದೆ ಕಣ್ಣಾರೆ ಬೇರೆಯವರನ್ನು ಕಂಡಿದ್ದ ಪೂರ್ವಪಕ್ಷಿ ಇನ್ನೇನು ಏಳಬೇಕು, ಅಷ್ಟರಲ್ಲಿ ಟೈಟಲ್ ಹಾಡು ಶುರುವಾಗಿ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಕುಣಿಯತೊಡಗಿದರು.